ಪಿಕಪ್ ಟ್ಯಾಂಕಿನೊಳಗೊಂದು ಆನೆ ಹಿಂಡು

ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ ಉಳ್ಳಾಗಡ್ಡಿ ಹೇರಿಕೊಂಡ ಬೊಲೆರೊ ಪಿಕಪ್ಪೊಂದು ಲಕ್ಕುಂಡಿ, ಗದಗ, ಅಣ್ಣಿಗೇರಿ ದಾಟಿ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಮುಟ್ಟಬೇಕಾದರೆ ಹೆಚ್ಚುಕಡಿಮೆ 100 ಕಿ.ಮೀ. ಓಡಬೇಕು. ಎರಡು ತಾಸಿನ ದಾರಿ. ಈ ಎರಡು ತಾಸಿನಲ್ಲಿ ಅದರ ಎಂಜಿನ್ ಎಷ್ಟು ಸಲ ಡೀಸೆಲ್ ಕುಡಿಯುತ್ತದೆ, ಊಹಿಸಬಲ್ಲಿರಾ? 4 ಲಕ್ಷ 80 ಸಾವಿರ ಸಲ! ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಅದರೊಳಗೆ ನಿಮಿಷಕ್ಕೆ 4,000 ಸಲ ಡೀಸೆಲ್ ಚಿಮ್ಮುತ್ತದೆ. ನೀವು 'ಕುಕನೂರು' ಅನ್ನುವಷ್ಟರಲ್ಲಿ 60ಕ್ಕೂ ಹೆಚ್ಚು ಸಲ ಚಿಮ್ಮಿ, ಉರಿದು, ಹೊಗೆಯಾಗಿ ಹೋಗಿರುತ್ತದೆ.

ಪ್ರತಿ ಸಲ ಚಿಮ್ಮುವುದಾದರೂ ಎಷ್ಟು? ಲೀಟರಿಗೆ 12 ಕಿ.ಮೀ. ಕೊಡುವ ಗಾಡಿಗೆ ಹುಬ್ಬಳ್ಳಿ ದಾರಿಗೆ ಬೇಕಾದದ್ದು 8 ಲೀಟರಿಗಿಂತ ತುಸು ಹೆಚ್ಚು. ಅದನ್ನು 4 ಲಕ್ಷ 80 ಸಾವಿರ ಪಾಲು ಮಾಡಿ. ಒಂದು ಪಾಲಿಗೆ ಬರುವುದು ಒಂದು ಹನಿಯೂ ಅಲ್ಲ, ಹನಿಯ ಮೂರನೇ ಒಂದು ಭಾಗ. ಕಣ್ಣಿಗೆ ಹಾಕುವ ಔಷಧದ ಬಾಟಲಿಯಿಂದ ಒಂದು ಹನಿ ಬಿಟ್ಟರೆ ಅದನ್ನು ಮೂರು ಸಲಕ್ಕೆ ಹಂಚಿಕೊಂಡು ಉಣ್ಣುತ್ತದೆ ಈ ಎಂಜಿನ್! ಆ ಮೂರನೇ ಒಂದು ಹನಿಯೇ 30 ಚೀಲ ಉಳ್ಳಾಗಡ್ಡಿ, ಗಾಡಿ, ಡ್ರೈವರ, ಕ್ಲೀನರ ಎಲ್ಲರನ್ನೂ ಸೇರಿಸಿ ಮೂರು ಟನ್ನಿಗೂ ಮಿಕ್ಕ ಭಾರವನ್ನು ಒಂದು ಗೇಣು ಮುಂದೆ ತಳ್ಳುತ್ತದೆ. 1 ಲಕ್ಷ ಮೀಟರ್ ದೂರವನ್ನು 4.8 ಲಕ್ಷದಿಂದ ಭಾಗಿಸಿ ನೋಡಿ: ಸುಮಾರು 21 ಸೆಂಟಿಮೀಟರ್. ಗೇಣಿಗೊಂದು ಗುಟುಕು. ಗೇಣು ಗೇಣಾಗಿ ಹುಬ್ಬಳ್ಳಿ!

ಆ ಗುಟುಕನ್ನು ಒಳಗೆ ನುಗ್ಗಿಸುವ ಒತ್ತಡ ಇನ್ನೊಂದು ಸೋಜಿಗ. ಇಂದಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳಲ್ಲಿ 1,600 ಬಾರ್ ಒತ್ತಡ ಸಾಮಾನ್ಯ. ಅದೇ ಗಾಡಿಯ ಟೈರಿನಲ್ಲಿರುವುದು 3 ಬಾರ್ ಆಸುಪಾಸು, ಅಂದರೆ 500 ಪಟ್ಟು ಕಡಿಮೆ. ಭೂಮಿಯ ಮೇಲಿನ ಅತಿ ಆಳದ ಜಾಗ ಪೆಸಿಫಿಕ್ ಸಾಗರದ ಮರಿಯಾನಾ ಕಂದಕ. ಸುಮಾರು 11 ಕಿ.ಮೀ. ನೀರಿನ ಅಡಿಯಲ್ಲಿರುವ ಅದರ ತಳದಲ್ಲೂ ಒತ್ತಡ 1,100 ಬಾರ್ ಮಾತ್ರ. ಮಳೆ ಕಾಣದೆ ಆಕಾಶ ನೋಡುವ ಯಲಬುರ್ಗಾ ಸೀಮೆಯ ಎರೆಹೊಲಗಳ ನಡುವೆ ಓಡುವ ಗಾಡಿಯೊಳಗೆ ಮಹಾಸಾಗರದ ತಳವನ್ನೂ ಮೀರಿಸುವ ಒತ್ತಡ!

ಇದು ಒಂದು ದಾರಿಯ ಲೆಕ್ಕ. ಬಾಡಿಗೆ ಗಾಡಿಯೊಂದು ದಿನಕ್ಕೆ 100 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ದುಡಿದರೆ 30,000 ಕಿ.ಮೀ. ಆಯಿತು. ಚಿಮ್ಮಿದ ಗುಟುಕುಗಳು 14 ಕೋಟಿ 40 ಲಕ್ಷ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ನಾಡಿನ ಪ್ರತಿಯೊಬ್ಬರ ಹೆಸರಿನಲ್ಲೂ ಎರಡೆರಡು ಗುಟುಕು ಕುಡಿದು ಇನ್ನೂ 2 ಕೋಟಿ ಮಿಗಿಸುತ್ತದೆ, ಒಂದೇ ಒಂದು ಪಿಕಪ್!

ಅದಕ್ಕೇ ನಮ್ಮ ಕಡೆ ಯಾರೇ ಹೊಸ ಗಾಡಿ ತಂದರೂ ಮೊದಲು ಕೇಳುವ ಪ್ರಶ್ನೆ ಒಂದೇ. "ಎವರೇಜ್ ಎಷ್ಟು ಕೊಡತೈತಿ ಯಣ್ಣಾ?" ಉತ್ತರವೂ ತಯಾರಿರುತ್ತದೆ. "ಲೋಡ್ ಇದ್ರ ಹನ್ನೊಂದು ಹನ್ನೆರಡು, ಖಾಲಿ ಇದ್ರ ಹದಿನಾಕು ತಮ್ಮಾ." ಹನ್ನೆರಡಕ್ಕೂ ಹದಿನಾಲ್ಕಕ್ಕೂ ನಡುವೆ ಇರುವುದು ಬರೀ ಎರಡು. ಆ ಎರಡರ ಗಾತ್ರ ತಿಳಿಯಬೇಕಾದರೆ ಮೊದಲು ಒಂದು ಲೀಟರ್ ಡೀಸೆಲ್ ಎಷ್ಟು ದೊಡ್ಡದು ಎಂಬುದನ್ನು ನೋಡಬೇಕು.

ಒಂದು ಲೀಟರ್ ಡೀಸೆಲ್ಲಿನ ತೂಕ ಒಂದು ಕಿಲೋ ಕೂಡ ಇಲ್ಲ, 830 ಗ್ರಾಂ ಆದೀತು. ಅದರಲ್ಲಿರುವ ಶಕ್ತಿ 36 ಮೆಗಾಜೂಲ್. ಅಂಕಿ ನೋಡಿದರೆ ಏನೂ ಅನ್ನಿಸುವುದಿಲ್ಲ, ಅಲ್ಲವೇ? ಹಾಗಾದರೆ ಒಂದು ಆನೆ ತನ್ನಿ. ನಾಲ್ಕು ಟನ್ ತೂಗುವ ದೊಡ್ಡ ಗಂಡಾನೆ. ಈ ಒಂದು ಲೀಟರಿನ ಶಕ್ತಿಯೆಲ್ಲ ಸೋರದೆ ಕೆಲಸಕ್ಕೆ ಬಂದರೆ ಆ ಆನೆಯನ್ನು ನೆಲದಿಂದ 900 ಮೀಟರ್ ಮೇಲಕ್ಕೆ ಎತ್ತಬಹುದು. ಜಗತ್ತಿನ ಅತಿ ಎತ್ತರದ ಕಟ್ಟಡ ದುಬೈನ ಬುರ್ಜ್ ಖಲೀಫಾ 828 ಮೀಟರ್. ಅದರ ತುದಿಯನ್ನೂ ದಾಟಿ ಆನೆ ಮೇಲೆ ತೇಲುತ್ತದೆ, ಒಂದು ನೀರಿನ ಬಾಟಲಿಯಷ್ಟು ಡೀಸೆಲ್ಲಿನಿಂದ! ಪಿಕಪ್ಪಿನ 60 ಲೀಟರ್ ಟ್ಯಾಂಕ್ ಫುಲ್ ಮಾಡಿಸಿದರೆ ಆರು ಆನೆಗಳನ್ನು ಸಮುದ್ರಮಟ್ಟದಿಂದ ಎತ್ತಿ ಎವರೆಸ್ಟಿನ ತುದಿಗೆ ಏರಿಸಿ ನಿಲ್ಲಿಸಬಹುದು.

ಆನೆಯ ಮಾತು ಸುಮ್ಮನೆ ಬರಲಿಲ್ಲ. 2005ರಲ್ಲಿ ಟಾಟಾ ಏಸ್ ರಸ್ತೆಗಿಳಿದಾಗ ಜನ ಅದನ್ನು ಛೋಟಾ ಹಾಥಿ, ಅಂದರೆ ಪುಟ್ಟ ಆನೆ, ಎಂದೇ ಕರೆದರು. ಮೊದಲ ಏಸ್‌ಗೆ ಇದ್ದದ್ದು ಎರಡೇ ಸಿಲಿಂಡರಿನ 702 ಸಿಸಿ ಎಂಜಿನ್, 16 ಅಶ್ವಶಕ್ತಿ. ಹೊರಬೇಕಾದ ಭಾರ 750 ಕಿಲೋ. ಮೈಸೂರು ದಸರೆಯಲ್ಲಿ ಆನೆ ಹೊರುವ ಚಿನ್ನದ ಅಂಬಾರಿಯ ತೂಕವೂ ಅಷ್ಟೇ, 750 ಕಿಲೋ! ದಸರೆಯ ಆನೆ ವರ್ಷಕ್ಕೊಮ್ಮೆ, ಲಕ್ಷಾಂತರ ಜನರ ಕಣ್ಣೆದುರು, ಅರಮನೆಯಿಂದ ಬನ್ನಿಮಂಟಪದವರೆಗೆ ಐದಾರು ಕಿ.ಮೀ. ಹೊರುವ ಭಾರವನ್ನು ಛೋಟಾ ಹಾಥಿ ವಾರದಲ್ಲಿ ಆರು ದಿನ ಯಲಬುರ್ಗಾ, ಕುಷ್ಟಗಿ, ಕೊಪ್ಪಳ ಎಂದು ಹೊತ್ತು ತಿರುಗುತ್ತದೆ. ಅದಕ್ಕೊಂದು ಪುಷ್ಪಾರ್ಚನೆ ಆಗಬೇಕಾದರೆ ಆಯುಧ ಪೂಜೆಯೇ ಬರಬೇಕು.

ವಿದ್ಯುತ್ ಲೆಕ್ಕದಲ್ಲಿ ನೋಡಿದರೆ ಒಂದು ಲೀಟರ್ ಡೀಸೆಲ್ ಅಂದರೆ 10 ಯೂನಿಟ್. ರಾಜ್ಯ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್. ಫುಲ್ ಟ್ಯಾಂಕ್ ಪಿಕಪ್ಪಿನಲ್ಲಿರುವುದು 600 ಯೂನಿಟ್, ಒಂದು ಮನೆಯ ಮೂರು ತಿಂಗಳ ಗರಿಷ್ಠ ಬೆಳಕು. ಎತ್ತಿನ ಲೆಕ್ಕ ಬೇಕೇ? ಒಂದು ಜೋಡಿ ಎತ್ತು ಬಿಡದೆ ಎಳೆದರೆ ಸುಮಾರು ಒಂದು ಅಶ್ವಶಕ್ತಿ. ಪಿಕಪ್ಪಿನ ಎಂಜಿನ್ 75 ಅಶ್ವಶಕ್ತಿ. ಕಾರಹುಣ್ಣಿಮೆಗೆ ಮೈ ತೊಳೆದು ಕೋಡು ಸಿಂಗರಿಸಿದ 75 ಜೋಡಿ, ಅಂದರೆ 150 ಎತ್ತುಗಳನ್ನು ಒಂದರ ಹಿಂದೊಂದು ಜೋಡಿಯಾಗಿ ನೊಗಕ್ಕೆ ಕಟ್ಟಿ. ಜೋಡಿಗೆ ಮೂರೇ ಮೀಟರ್ ಜಾಗ ಕೊಟ್ಟರೂ ಸಾಲು 225 ಮೀಟರ್ ಉದ್ದ. ಅದೆಲ್ಲ ಬಾನೆಟ್ಟಿನ ಕೆಳಗೆ, ಒಂದು ಮೇಜಿನಷ್ಟು ಜಾಗದಲ್ಲಿ!

ಈಗ ಹೊಟ್ಟೆ ಉರಿಯುವ ಲೆಕ್ಕ. ಇಷ್ಟು ಶಕ್ತಿಯಲ್ಲಿ ಚಕ್ರ ತಿರುಗಿಸುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಉಳಿದ ಎರಡು ಪಾಲು ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ ಬರೀ ಕಾವಾಗಿ ಹೋಗುತ್ತದೆ. 60 ಲೀಟರಿನಲ್ಲಿ 40 ಲೀಟರ್! ಆ 40 ಲೀಟರಿನ ಕಾವನ್ನು ಹಿಡಿದಿಡಲು ಆಗುವಂತಿದ್ದರೆ 4,500 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದಿತ್ತು. 45 ಸಾವಿರ ಕಪ್ ಚಹಾದ ನೀರು. ಬೇಸಿಗೆಯಲ್ಲಿ ಕೊಪ್ಪಳದ ಬಿಸಿಲಿಗೆ ಈ ಕಾವೂ ಸೇರಿಕೊಳ್ಳುತ್ತದೆ.

ಮಿಕ್ಕ 20 ಲೀಟರಿನ ಕೆಲಸಕ್ಕೂ ಕೈ ಹಾಕುವವರು ಬಹಳ. ಮೊದಲನೆಯದು ಗಾಳಿ. ಗಾಡಿ ಮುಂದೆ ಹೋಗಬೇಕಾದರೆ ಎದುರಿನ ಗಾಳಿಯನ್ನು ಸರಿಸಲೇಬೇಕು. ಪಿಕಪ್ಪಿನ ಮುಂಭಾಗ ಅಗಲ, ಎತ್ತರ ಗುಣಿಸಿದರೆ ಸುಮಾರು 3 ಚದರ ಮೀಟರ್. ಅದು 100 ಕಿ.ಮೀ. ಕೊರೆದುಕೊಂಡು ಹೋಗುವ ಗಾಳಿಯ ಸುರಂಗದ ಗಾತ್ರ 3 ಲಕ್ಷ ಘನ ಮೀಟರ್. ಗಾಳಿಗೆ ತೂಕ ಎಲ್ಲಿದೆ ಅನ್ನಬೇಡಿ. ನಮ್ಮ ಸೀಮೆಯ ಬಿಸಿಗಾಳಿಯೂ ಘನ ಮೀಟರಿಗೆ 1.1 ಕಿಲೋ ತೂಗುತ್ತದೆ. ಒಟ್ಟು 330 ಟನ್! ಹೇರಿದ್ದು ಒಂದೂವರೆ ಟನ್ ಉಳ್ಳಾಗಡ್ಡಿ. ದಾರಿಯುದ್ದಕ್ಕೂ ಪಕ್ಕಕ್ಕೆ ತಳ್ಳಿದ್ದು 330 ಟನ್ ಗಾಳಿ, ಅಂದರೆ ಎಂಬತ್ತಕ್ಕೂ ಮಿಕ್ಕಿ ಆನೆ. ಬಾಡಿಗೆ ಕೊಟ್ಟವರು ಉಳ್ಳಾಗಡ್ಡಿಗೆ ಮಾತ್ರ ಕೊಟ್ಟಿರುತ್ತಾರೆ.

ಲೋಡ್ ಮಾಡುವಾಗ ಹಮಾಲರು ಚೀಲದ ಮೇಲೆ ಚೀಲ ಇಟ್ಟು ಕ್ಯಾಬಿನ್ನಿಗಿಂತ ಒಂದು ಮೀಟರ್ ಎತ್ತರ ಏರಿಸಿದರೆನ್ನಿ. ಮೇಲೆ ತಾಡಪತ್ರಿ ಹೊದಿಸಿ, ಹಗ್ಗ ಎಳೆದು, ಕೊಂಡಿಗೆ ಸುತ್ತಿ, ಒಂದು ಕಾಲನ್ನು ಡಾಲಾಕ್ಕೆ ಒದ್ದು ಬಿಗಿಯುತ್ತಾರೆ. ಆ ಒಂದು ಮೀಟರ್ ಎತ್ತರ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಇನ್ನೂ 180 ಟನ್ ಗಾಳಿಯನ್ನು ಎದುರಿಗೆ ತಂದು ನಿಲ್ಲಿಸುತ್ತದೆ. ಇನ್ನೂ 45 ಆನೆ! ತಾಡಪತ್ರಿಯ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಬಡಿಯುತ್ತಿದ್ದರೆ ಅದೂ ಡೀಸೆಲ್ಲಿನ ಸದ್ದೇ. ಇದನ್ನು ಹಗುರವಾಗಿ ಎಣಿಸಬೇಡಿ. 1970ರ ದಶಕದಲ್ಲಿ ಅಮೆರಿಕದ ನಾಸಾದ ಎಂಜಿನಿಯರ್ ಎಡ್ವಿನ್ ಸಾಲ್ಟ್ಸ್‌ಮನ್ ಸೈಕಲ್ ಮೇಲೆ ಕೆಲಸಕ್ಕೆ ಹೋಗುವಾಗ ಪಕ್ಕದಲ್ಲಿ ಹಾದುಹೋದ ಟ್ರಕ್ಕುಗಳು ಗಾಳಿಯಿಂದಲೇ ತಮ್ಮನ್ನು ಒಮ್ಮೆ ತಳ್ಳಿ ಒಮ್ಮೆ ಎಳೆಯುವುದನ್ನು ಗಮನಿಸಿದರು. ವಿಮಾನಗಳ ಗಾಳಿಯ ಲೆಕ್ಕ ಹಾಕುತ್ತಿದ್ದ ಅವರ ತಂಡದವರು ಒಂದು ಹಳೆಯ ವ್ಯಾನಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ಪೆಟ್ಟಿಗೆಯಂತೆ ಮಾಡಿದರು. ಆಮೇಲೆ ಅದರ ಚೂಪು ಮೂಲೆಗಳನ್ನು ದುಂಡಗೆ ಮಾಡಿದರು. ಅಷ್ಟಕ್ಕೇ ಗಾಳಿಯ ತಡೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಮೂಲೆ ದುಂಡಗಾದದ್ದಷ್ಟೇ!

ವೇಗದ ಲೆಕ್ಕ ಇನ್ನೂ ವಿಪರೀತ. ಮುಳ್ಳು 50ರಿಂದ 80ಕ್ಕೆ ಏರಿದರೆ ವೇಗ ಹೆಚ್ಚಾದದ್ದು ಒಂದೂವರೆ ಪಟ್ಟಿಗಿಂತ ತುಸು ಜಾಸ್ತಿ. ಗಾಳಿಯ ತಡೆ ಹೆಚ್ಚಾದದ್ದು ಎರಡೂವರೆ ಪಟ್ಟು. ಅದನ್ನು ಎದುರಿಸಲು ಬೇಕಾದ ಅಶ್ವಶಕ್ತಿ ನಾಲ್ಕು ಪಟ್ಟು! ಪೆಟ್ರೋಲಿಯಂ ಉಳಿತಾಯಕ್ಕೆಂದೇ 1978ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಪಿಸಿಆರ್‌ಎ ಸಂಸ್ಥೆ ಇದನ್ನೇ ಹೇಳಿಕೊಂಡು ಬಂದಿದೆ: 80ರ ಬದಲು 45ರಿಂದ 55ರ ನಡುವೆ ಓಡಿಸಿದರೆ ಅದೇ ಇಂಧನದಲ್ಲಿ ಶೇ. 40ರವರೆಗೂ ಹೆಚ್ಚು ದೂರ. ಹುಬ್ಬಳ್ಳಿ ದಾರಿಯಲ್ಲಿ 80ರ ಓಟ ಉಳಿಸಿಕೊಡುವುದು 45 ನಿಮಿಷ. ಆ 45 ನಿಮಿಷವನ್ನು ಎಪಿಎಂಸಿ ಗೇಟಿನ ಮುಂದಿನ ಸಾಲು ನುಂಗಿಬಿಟ್ಟರೆ ಡ್ರೈವರನಿಗೆ ದಕ್ಕಿದ್ದೇನು?

ಆ ಸಾಲಿನಲ್ಲಿ ಎಂಜಿನ್ ಬಂದ್ ಮಾಡದೆ ನಿಂತರೆ ತಾಸಿಗೆ ಅರ್ಧದಿಂದ ಒಂದು ಲೀಟರ್ ಸುಮ್ಮನೆ ಖರ್ಚು. ದಿನಕ್ಕೆ ಅರ್ಧ ತಾಸು ಹೀಗೆ ನಿಂತರೂ ವರ್ಷಕ್ಕೆ 150 ತಾಸು, ಸುಮಾರು 100 ಲೀಟರ್. ಆ 100 ಲೀಟರಿನಲ್ಲಿ ಪಿಕಪ್ 1,200 ಕಿ.ಮೀ. ಓಡುತ್ತಿತ್ತು. ಕುಕನೂರಿನಿಂದ ಬೆಂಗಳೂರಿಗೆ ಮೂರು ಸಲ ಮುಟ್ಟುವಷ್ಟು ದೂರವನ್ನು ಗಾಡಿ ನಿಂತಲ್ಲೇ ನಿಂತು ಕುಡಿದುಬಿಟ್ಟಿತು!

ಉಸಿರಿನ ಲೆಕ್ಕವನ್ನೂ ಬಿಡಬಾರದು. ಒಂದು ಲೀಟರ್ ಡೀಸೆಲ್ ಉರಿಯಲು ಕನಿಷ್ಠ 10,000 ಲೀಟರ್ ಗಾಳಿ ಬೇಕು. ಒಬ್ಬ ಮನುಷ್ಯ ಒಂದು ದಿನವಿಡೀ ಉಸಿರಾಡುವ ಗಾಳಿಯೂ ಹತ್ತಿರ ಹತ್ತಿರ ಅಷ್ಟೇ. ಹುಬ್ಬಳ್ಳಿಗೆ ಹೋಗಿ ಮುಟ್ಟುವಷ್ಟರಲ್ಲಿ ಪಿಕಪ್ ಎಂಟು ಜನರ ಒಂದು ದಿನದ ಉಸಿರನ್ನು ಎಳೆದುಕೊಂಡಿರುತ್ತದೆ. ವರ್ಷಕ್ಕೆ ಎರಡೂವರೆ ಕೋಟಿ ಲೀಟರ್. ಅಷ್ಟೂ ಗಾಳಿ ನುಸುಳಿ ಬರಬೇಕಾದದ್ದು ಒಂದೇ ಒಂದು ಏರ್ ಫಿಲ್ಟರಿನ ಕಾಗದದ ಮಡಿಕೆಗಳ ಮೂಲಕ. ಸುಗ್ಗಿಯ ದಿನಗಳಲ್ಲಿ ಎರೆಮಣ್ಣಿನ ಬಂಡಿದಾರಿ ಬಿಟ್ಟು ಡಾಂಬರು ರಸ್ತೆಗೆ ಬಂದ ಗಾಡಿಯ ಫಿಲ್ಟರ್ ಬಿಚ್ಚಿ ಒಂದು ಸಲ ನೆಲಕ್ಕೆ ಬಡಿದು ನೋಡಿ. ಬೀಳುವ ಕಪ್ಪು ಧೂಳಿಗೆ ಮಾತೇ ಬೇಡ.

ಇನ್ನು ಹವಾ. ಪಂಚರ್ ಅಂಗಡಿಯ ಹುಡುಗ ವಾಲ್ವಿನ ಟೋಪಿ ತಿರುಗಿಸಿ ಗೇಜ್ ಒತ್ತುತ್ತಾನೆ. ಫುಸ್ ಎಂದು ಒಂದು ಸದ್ದು, ಮುಳ್ಳು 30ಕ್ಕೆ ಬಂದು ನಿಲ್ಲುತ್ತದೆ. ಬೇಕಾದದ್ದು 40. "ಹತ್ತು ಪೌಂಡ್ ಕಮ್ಮಿ ಐತಿ ಯಣ್ಣಾ." ಹತ್ತು ಪೌಂಡ್ ಹೋದರೆ ಹೋಯಿತು ಅನ್ನುವಂತಿಲ್ಲ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ ನಾಲ್ಕೂ ಟೈರುಗಳಲ್ಲಿ ಒಂದೊಂದು ಪೌಂಡ್ ಕಡಿಮೆಯಾದರೆ ಮೈಲೇಜು ಶೇ. 0.2 ಇಳಿಯುತ್ತದೆ. ಹತ್ತಕ್ಕೆ ಶೇ. 2. ವರ್ಷಕ್ಕೆ 2,500 ಲೀಟರ್ ಕುಡಿಯುವ ಪಿಕಪ್ಪಿಗೆ ಇದು 50 ಲೀಟರ್. ಐದು ಆನೆಗಳನ್ನು ಎವರೆಸ್ಟ್ ಏರಿಸುವ ಡೀಸೆಲ್ಲು ಬರೀ ಗಾಳಿ ಇಲ್ಲದ್ದರಿಂದ ಹೋಯಿತು! ಬಂಕಿನಲ್ಲಿ ಪುಕ್ಕಟೆ ಸಿಗುವ ಗಾಳಿ ಅದು. ಆ ಟೈರಾದರೂ ಎಷ್ಟು ತಿರುಗುತ್ತದೆ? ಪಿಕಪ್ಪಿನ ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಹುಬ್ಬಳ್ಳಿಗೆ 45,000 ಸುತ್ತು. ವರ್ಷಕ್ಕೆ 1 ಕೋಟಿ 36 ಲಕ್ಷ ಸುತ್ತು, ಒಂದೊಂದು ಟೈರೂ!

ಗಾಡಿಯ ಮೈಭಾರವೂ ಡೀಸೆಲ್ ಕುಡಿಯುತ್ತದೆ. ಆ ಭಾರ ಇಳಿಸುವ ಹಟ ಎಲ್ಲಿಗೆ ಮುಟ್ಟಿದೆ ನೋಡಿ. ಅಮೆರಿಕದ ಹೆಸರುವಾಸಿ ಪಿಕಪ್ ಫೋರ್ಡ್ ಎಫ್-150, 2015ರ ಮಾದರಿಯಲ್ಲಿ ಉಕ್ಕಿನ ಮೈ ಬಿಟ್ಟು ಅಲ್ಯೂಮಿನಿಯಂ ಮೈ ಹೊದ್ದಿತು. ಕಳೆದುಕೊಂಡ ತೂಕ 700 ಪೌಂಡ್‌ವರೆಗೆ, ಸುಮಾರು 315 ಕಿಲೋ. ನಮ್ಮ 50 ಕಿಲೋದ ಉಳ್ಳಾಗಡ್ಡಿ ಚೀಲ ಆರು! ಆರು ಚೀಲ ಕಮ್ಮಿ ಮಾಡಲು ಒಂದು ಕಂಪನಿ ಇಡೀ ಕಾರ್ಖಾನೆಯ ಪದ್ಧತಿಯನ್ನೇ ಬದಲಿಸಿತು.

ಈಗ ಹನ್ನೆರಡು, ಹದಿನಾಲ್ಕರ ಮಾತಿಗೆ ಬರೋಣ. ವೇಗ ಇಳಿಸಿ, ಹವಾ ತುಂಬಿಸಿ, ತಾಡಪತ್ರಿ ಬಿಗಿದು, ಫಿಲ್ಟರ್ ಜಾಡಿಸಿ, ನಿಂತಾಗ ಎಂಜಿನ್ ಬಂದ್ ಮಾಡಿ, ಅಂತೂ ಗಾಡಿ ಲೀಟರಿಗೆ 12 ಕೊಡುತ್ತಿದ್ದದ್ದು 14 ಕೊಟ್ಟಿತೆನ್ನಿ. ದಿನಕ್ಕೆ ಉಳಿದದ್ದು ಒಂದು ಲೀಟರಿಗಿಂತ ತುಸು ಹೆಚ್ಚು. ವರ್ಷಕ್ಕೆ 30,000 ಕಿ.ಮೀ.ಯಂತೆ ಓಡುವ ಗಾಡಿ ಹದಿನಾರು ತಿಂಗಳಿಗೊಮ್ಮೆ ಭೂಮಿಯ ಸುತ್ತಳತೆಯ 40,075 ಕಿ.ಮೀ. ಮುಗಿಸುತ್ತದೆ. ಸುಮಾರು 13 ವರ್ಷಕ್ಕೆ 3,84,400 ಕಿ.ಮೀ. ಓಡಿ ಚಂದ್ರನನ್ನೇ ಮುಟ್ಟಿರುತ್ತದೆ. 2023ರ ಜುಲೈ 14ರಂದು ಹೊರಟ ಚಂದ್ರಯಾನ-3 ಆಗಸ್ಟ್ 23ಕ್ಕೆ ಇಳಿಯಿತು. ಅದಕ್ಕೆ 40 ದಿನ, ಇದಕ್ಕೆ 13 ವರ್ಷ. ಆದರೆ ಇದು ನಡುನಡುವೆ ಕಡಲೆ, ಮೆಕ್ಕೆಜೋಳ, ಮೆಣಸಿನಕಾಯಿ, ಮದುವೆ ಸಾಮಾನು, ಜಾತ್ರೆಗೆ ಹೊರಟ ಜನರ ಗಂಟುಮೂಟೆ ಎಲ್ಲವನ್ನೂ ಹೊತ್ತಿರುತ್ತದೆ! 12ರ ಲೆಕ್ಕದಲ್ಲಿ ಚಂದ್ರನಿಗೆ ಬೇಕಾದ ಡೀಸೆಲ್ 32,000 ಲೀಟರ್. 14ರ ಲೆಕ್ಕದಲ್ಲಿ 27,500 ಲೀಟರಿಗೂ ಕಡಿಮೆ. ಉಳಿತಾಯ 4,500 ಲೀಟರಿಗೂ ಮಿಕ್ಕಿ, 200 ಲೀಟರಿನ 22 ಬ್ಯಾರೆಲ್ ತುಂಬಿ ತುಳುಕುವಷ್ಟು. ಲೀಟರಿಗೆ 90 ರೂಪಾಯಿ ಹಿಡಿದರೂ 4 ಲಕ್ಷ ದಾಟುತ್ತದೆ.

ಇಲ್ಲೊಂದು ವಿಚಿತ್ರ ಗಣಿತವಿದೆ, ನನಗೆ ಇದು ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವಂಥದ್ದು. 8 ಕೊಡುವ ಹಳೇ ಗಾಡಿ 10 ಕೊಡುವಂತಾದರೆ ಲಾಭ ಹೆಚ್ಚೋ, 20 ಕೊಡುವ ಹೊಸ ಗಾಡಿ 25 ಕೊಡುವಂತಾದರೆ ಹೆಚ್ಚೋ? ಎಲ್ಲರೂ 25 ಅನ್ನುತ್ತಾರೆ. ಕಾಗದ ತೆಗೆದುಕೊಳ್ಳಿ. 30,000 ಕಿ.ಮೀ.ಗೆ 8ರ ಗಾಡಿ ಕುಡಿಯುವುದು 3,750 ಲೀಟರ್, 10 ಕೊಟ್ಟರೆ 3,000. ಉಳಿದದ್ದು 750 ಲೀಟರ್. 20ರ ಗಾಡಿ ಕುಡಿಯುವುದು 1,500, 25 ಕೊಟ್ಟರೆ 1,200. ಉಳಿದದ್ದು ಬರೀ 300! ಎರಡು ಕಿ.ಮೀ. ಏರಿಕೆ ಐದು ಕಿ.ಮೀ. ಏರಿಕೆಯನ್ನು ಎರಡೂವರೆ ಪಟ್ಟು ಸೋಲಿಸಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಕಣ್ಕಟ್ಟನ್ನೇ ಜಗತ್ತಿಗೆ ತೋರಿಸಿಕೊಟ್ಟರು. ಊರ ತುದಿಯಲ್ಲಿ ಹೊಗೆ ಕಾರುತ್ತ ನಿಂತಿರುವ ಹಳೇ ಗಾಡಿಯಲ್ಲೇ ಹೆಚ್ಚು ಡೀಸೆಲ್ ಉಳಿಸಲು ಜಾಗವಿದೆ. ಹಳೇ ಗಾಡಿಯವರು ಕೈಚೆಲ್ಲುವುದು ಬೇಡವೇ ಬೇಡ.

ಮೈಲೇಜಿನಲ್ಲಿ ಮನುಷ್ಯ ಎಷ್ಟು ದೂರ ಹೋಗಬಲ್ಲ? 2005ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದವರು ಕಟ್ಟಿದ ಪ್ಯಾಕ್-ಕಾರ್-2 ಎಂಬ ಮೂರು ಚಕ್ರದ ಗಾಡಿ ಒಂದು ಲೀಟರ್ ಪೆಟ್ರೋಲಿನಷ್ಟು ಶಕ್ತಿಯ ಹೈಡ್ರೋಜನ್ ಲೆಕ್ಕದಲ್ಲಿ 5,385 ಕಿ.ಮೀ. ಸಾಧಿಸಿತು. 5,385! ಕಾಶ್ಮೀರದಿಂದ ಕನ್ಯಾಕುಮಾರಿಗೆ ರಸ್ತೆ ಹಿಡಿದು ಹೋದರೆ 4,000 ಕಿ.ಮೀ. ಒಳಗೇ ಆಗುತ್ತದೆ. ಒಂದೇ ಲೀಟರಿಗೆ ಅದನ್ನು ಮುಗಿಸಿ, ಅಲ್ಲಿಂದ ತಿರುಗಿ ಕುಕನೂರಿಗೆ ಬಂದು ಊಟ ಮಾಡಬಹುದು. ಗಾಡಿಯ ತೂಕ ಮಾತ್ರ ಸುಮಾರು 30 ಕಿಲೋ. ಉಳ್ಳಾಗಡ್ಡಿಯ ಒಂದು ಚೀಲ ಅದಕ್ಕಿಂತ ಭಾರ.

ಒಂದು ಗಾಡಿ ಬಿಟ್ಟು ಎಲ್ಲ ಗಾಡಿ ಸೇರಿಸಿ. ಟಾಟಾ ಏಸ್ ಒಂದೇ 2005ರಿಂದ 2025ರೊಳಗೆ 25 ಲಕ್ಷ ದಾಟಿದೆ. ಒಂದಕ್ಕೆ 3.8 ಮೀಟರಿನಂತೆ ಮೂತಿಗೆ ಬಾಲ ತಾಗಿಸಿ ನಿಲ್ಲಿಸಿದರೆ 9,500 ಕಿ.ಮೀ. ಸಾಲು. ಅವುಗಳಲ್ಲಿ ಅರ್ಧ ಮಾತ್ರ ಇಂದು ರಸ್ತೆಯ ಮೇಲಿವೆ ಎಂದುಕೊಳ್ಳಿ. ಒಂದೊಂದೂ ದಿನಕ್ಕೆ ಒಂದೊಂದು ಲೀಟರ್ ಉಳಿಸಿದರೆ ಪ್ರತಿದಿನ 12.5 ಲಕ್ಷ ಲೀಟರ್, 12,000 ಲೀಟರಿನ 100 ಟ್ಯಾಂಕರ್ ಲಾರಿ! ದಿನವೂ ನೂರು!

ಇಡೀ ದೇಶದ ಲೆಕ್ಕ ಹಿಡಿಯುವ ಹೊತ್ತಿಗೆ ಅಂಕಿಗಳು ಮುಗಿಲು ಮುಟ್ಟುತ್ತವೆ. 2023-24ರಲ್ಲಿ ಭಾರತ ಕುಡಿದ ಡೀಸೆಲ್ ಸುಮಾರು 9 ಕೋಟಿ ಟನ್. ಲೀಟರಿನಲ್ಲಿ 10,800 ಕೋಟಿ. ಸೆಕೆಂಡಿಗೆ 3,400 ಲೀಟರ್, ಅಂದರೆ ಕಣ್ಣು ಮಿಟುಕಿಸಿ ಬಿಡುವಷ್ಟರಲ್ಲಿ ಹತ್ತಾರು ಪಿಕಪ್ಪುಗಳ ಫುಲ್ ಟ್ಯಾಂಕು. ನಮ್ಮ ಜಿಲ್ಲೆಯವರಿಗೆ ಟಿಎಂಸಿ ಎಂದರೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಮಳೆಗಾಲದಲ್ಲಿ ದಿನಬೆಳಗಾದರೆ ತುಂಗಭದ್ರಾ ಡ್ಯಾಮಿನ ಟಿಎಂಸಿಯೇ ಮಾತು. ದೇಶದ ವರ್ಷದ ಡೀಸೆಲ್ 3.8 ಟಿಎಂಸಿ! ನೀರಲ್ಲ, ಡೀಸೆಲ್! ತೂಕಕ್ಕೆ ಹಾಕಿದರೆ ಎರಡೂಕಾಲು ಕೋಟಿ ಆನೆ. ಆನೆಗೆ ಐದು ಮೀಟರ್ ಜಾಗ ಕೊಟ್ಟು ಸಾಲು ಹಚ್ಚಿದರೆ ಆ ಸಾಲು ಭೂಮಿಯನ್ನು ಎರಡು ಸುತ್ತು ಸುತ್ತಿ ಮೂರನೆಯದನ್ನೂ ಮುಕ್ಕಾಲುಪಾಲು ಮುಗಿಸುತ್ತದೆ. ಇದಕ್ಕೆಲ್ಲ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85 ಪಾಲಿಗೂ ಹೆಚ್ಚು ಹಡಗೇರಿ ಹೊರದೇಶದಿಂದ ಬರಬೇಕು.

ಇದರಲ್ಲಿ ಶೇ. 1 ಮಾತ್ರ ಉಳಿಸಿ. ಟೈರಿನ ಲೆಕ್ಕದಲ್ಲಿ ಶೇ. 1 ಅಂದರೆ ಚಕ್ರಕ್ಕೆ ಐದು ಪೌಂಡ್ ಹವಾ, ಅಷ್ಟೇ. ಉಳಿದ ಡೀಸೆಲ್ 108 ಕೋಟಿ ಲೀಟರ್. ಅದನ್ನು ಲೀಟರಿಗೆ 12 ಕೊಡುವ ನಮ್ಮ ಪಿಕಪ್ಪಿಗೇ ಹಾಕಿದರೆ ಅದು ಓಡುವ ದೂರ 1,300 ಕೋಟಿ ಕಿ.ಮೀ. ಸೂರ್ಯ ಇರುವುದು 15 ಕೋಟಿ ಕಿ.ಮೀ. ದೂರದಲ್ಲಿ. ಅಲ್ಲಿಗೆ 40 ಸಲ ಹೋಗಿ ಬಂದರೂ ಟ್ಯಾಂಕ್ ಖಾಲಿಯಾಗದು. ಸೌರಮಂಡಲದ ಕೊನೆಯ ಗ್ರಹ ನೆಪ್ಚೂನ್ 450 ಕೋಟಿ ಕಿ.ಮೀ. ದೂರ. ಅಲ್ಲಿಗೂ ಹೋಗಿ, ತಿರುಗಿ ಕುಕನೂರಿಗೆ ಬಂದು, ಮಿಕ್ಕ ಡೀಸೆಲ್ಲಿನಲ್ಲಿ ಮತ್ತೆ ಯುರೇನಸ್ಸಿನವರೆಗೆ ಹೋಗಬಹುದು! 1977ರಲ್ಲಿ ಹೊರಟ ವಾಯೇಜರ್-2 ನೆಪ್ಚೂನ್ ಮುಟ್ಟಿದ್ದು 1989ರಲ್ಲಿ, 12 ವರ್ಷಕ್ಕೆ. ತಾಸಿಗೆ 50ರಂತೆ ಹೋಗುವ ಪಿಕಪ್ಪಿಗೆ 10,000 ವರ್ಷಕ್ಕೂ ಮಿಕ್ಕಿ ಬೇಕು. ಡೀಸೆಲ್ಲಿಗೇನೂ ಕೊರತೆ ಬೀಳದು.

ಇಷ್ಟಾದರೂ ನಾವಿನ್ನೂ ಈ ಡೀಸೆಲ್ಲಿನ ವಯಸ್ಸು ಕೇಳಿಲ್ಲ. ಕುಕನೂರಿನ ಪಕ್ಕದ ಇಟಗಿಯಲ್ಲಿ ಮಹಾದೇವ ದೇವಾಲಯವಿದೆ. ಚಾಲುಕ್ಯ ಅರಸ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು, ದೇವಾಲಯ ಚಕ್ರವರ್ತಿ ಎಂದು ಶಾಸನವೇ ಹೊಗಳಿದ್ದು. ಅದಕ್ಕೆ ಒಂಬೈನೂರು ವರ್ಷ ದಾಟಿತು. ಅದರ ಮುಂದೆ ಹಾದುಹೋಗುವ ಪಿಕಪ್ಪಿನ ಟ್ಯಾಂಕಿನಲ್ಲಿರುವ ಡೀಸೆಲ್ಲಿನ ಮೂಲಕ್ಕೆ ಹತ್ತು ಕೋಟಿ ವರ್ಷದ ಆಸುಪಾಸು. ಇಟಗಿಯ ಆಯುಸ್ಸನ್ನು ಒಂದರ ಮೇಲೊಂದು ಒಂದು ಲಕ್ಷ ಹತ್ತು ಸಾವಿರ ಸಲ ಪೇರಿಸಬೇಕು!

ಆ ಕಾಲದ ಸಮುದ್ರಗಳಲ್ಲಿ ಬೆಳೆದ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳೇ ಹೂತುಹೋಗಿ ತೈಲವಾದವು. ಎಷ್ಟು ಸಸ್ಯಕ್ಕೆ ಎಷ್ಟು ತೈಲ? ಅಮೆರಿಕದ ಪರಿಸರ ವಿಜ್ಞಾನಿ ಜೆಫ್ರಿ ಡ್ಯೂಕ್ಸ್ 2003ರಲ್ಲಿ ಈ ಲೆಕ್ಕ ಹಾಕಿದರು. ಒಂದು ಲೀಟರ್ ಪೆಟ್ರೋಲಿನ ಹಿಂದೆ ಇರುವುದು 23 ಟನ್ನಿಗೂ ಮಿಕ್ಕ ಪುರಾತನ ಸಸ್ಯರಾಶಿ. ಒಂದು ಲೀಟರಿಗೆ ಆರು ಆನೆ ತೂಕ! ಡೀಸೆಲ್ಲಿಗೂ ಅದೇ ಹಿಡಿದರೆ ಪಿಕಪ್ಪಿನ ಫುಲ್ ಟ್ಯಾಂಕಿನಲ್ಲಿ 1,400 ಟನ್, 350 ಆನೆಗಳ ಹಿಂಡು ಮುದುಡಿ ಕೂತಿದೆ. ದಿನಕ್ಕೆ ಒಂದೇ ಒಂದು ಲೀಟರ್ ಉಳಿಸಿದ ಗಾಡಿ ವರ್ಷದ 300 ದಿನದಲ್ಲಿ ಉಳಿಸುವುದು 7,000 ಟನ್, 1,750 ಆನೆಗಳ ತೂಕ. 2023ರ ಅಂದಾಜಿನಂತೆ ಕರ್ನಾಟಕದ ಕಾಡುಗಳಲ್ಲಿರುವ ಆನೆಗಳು 6,395. ಮರಿ ಆನೆಗಳನ್ನೂ ನಾಲ್ಕು ಟನ್ನಿನ ಗಂಡಾನೆಗಳೆಂದೇ ಲೆಕ್ಕ ಹಾಕಿ ತೂಗಿದರೂ, ಕುಕನೂರಿನ ಒಂದೇ ಒಂದು ಪಿಕಪ್ ನಾಲ್ಕು ವರ್ಷ ತುಂಬುವ ಮೊದಲೇ ನಾಡಿನ ಆನೆಗಳೆಲ್ಲವನ್ನೂ ಮೀರಿಸಿಬಿಡುತ್ತದೆ.